ಕೊಳವೆಬಾವಿ ನೀರಿನ ಆರ್ಸೆನಿಕ್ ತೆಗೆಯಲು ರಂಧ್ರಮಯ ಪಾಲಿಮರ್ ಮಣಿಗಳು

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಅದರಲ್ಲೂ ಕಿರದಳ್ಳಿ ತಾಂಡಾದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಗಿದೆ. ಅದಕ್ಕೆ ಬಣ್ಣ, ರುಚಿ, ವಾಸನೆ ಇಲ್ಲ; ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಆದ್ದರಿಂದ ಮೊದಲು ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಬೇಕು. ಕುಡಿಯುವ ನೀರಿಗಾಗಿ ಇರುವ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂವರೆಗಿನ ಆರ್ಸೆನಿಕ್ ಸ್ವೀಕಾರಾರ್ಹ. ಆರ್ಸೆನಿಕ್ ಅದಕ್ಕಿಂತ ಹೆಚ್ಚಿದ್ದರೆ, ಅದನ್ನು ಹಿಡಿದಿಡುವ ರಂಧ್ರಮಯ ಪಾಲಿಮರ್ ಮಣಿಗಳ ಘಟಕದ ಮೂಲಕ ನೀರನ್ನು ಹಾಯಿಸಿ ತೆಗೆಯಬಹುದು. ಈ ಮಣಿಗಳ ಮೇಲಿನ ಜಾಗಕ್ಕೆ ಫಾಸ್ಫೇಟ್ ಮತ್ತು ಸಿಲಿಕಾ ಪೈಪೋಟಿ ನಡೆಸುವುದರಿಂದ ಅವುಗಳ ಪ್ರಮಾಣವನ್ನೂ, ಕಬ್ಬಿಣ ಹಾಗೂ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಅನ್ನೂ ಅದೇ ಮಾದರಿಯಲ್ಲಿ ಅಳೆಯಿಸಬೇಕು. ಶುದ್ಧವಾದ ನದಿ ನೀರು ನಲ್ಲಿಗೆ ನಿತ್ಯ ಬರುವ ಊರಿನಲ್ಲಿ ಇಂತಹ ಘಟಕಕ್ಕೆ ಹಣ ಹಾಕುವ ಅಗತ್ಯವಿಲ್ಲ.

ಗಡಸು ನೀರನ್ನು ಮೃದುಗೊಳಿಸಲು ಮನೆಗಳಲ್ಲಿ ಬಳಸುವ ರೆಸಿನ್ (ನೀರಿನಲ್ಲಿನ ಅಯಾನುಗಳನ್ನು, ಅಂದರೆ ವಿದ್ಯುದಾವೇಶವಿರುವ ಕಣಗಳನ್ನು, ಹಿಡಿಯುವ ಪಾಲಿಮರ್ ಮಣಿಗಳು) ಇದಕ್ಕೆ ಒದಗದು, ಏಕೆಂದರೆ ಅದು ಧನ ಅಯಾನುಗಳಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿಯುತ್ತದೆ, ಆರ್ಸೆನಿಕ್ ಆದರೋ ನೀರಿನಲ್ಲಿ ಬಹುಮಟ್ಟಿಗೆ ಋಣ ಅಯಾನಾಗಿಯೋ ವಿದ್ಯುದಾವೇಶವಿಲ್ಲದ ಅಣುವಾಗಿಯೋ ಇರುತ್ತದೆ. ಸಾಮಾನ್ಯ ಋಣ ಅಯಾನು ರೆಸಿನ್ನಿನ ಜಾಗವನ್ನು ಸಲ್ಫೇಟ್ ಬೇಗ ಆಕ್ರಮಿಸುತ್ತದೆ. ರಂಧ್ರಗಳೊಳಗೆ ಕಬ್ಬಿಣದ ಜಲಯುಕ್ತ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ತುಂಬಿದ ಪಾಲಿಸ್ಟೈರೀನ್ ಮಣಿಗಳನ್ನೇ ಕೇಳಿ ಖರೀದಿಸುವುದು ಲೇಸು.

ಆವೇಶವಿಲ್ಲದ ರೂಪದ ಆರ್ಸೆನಿಕ್ ಮೇಲೆ ಮಣಿಗಳ ಹಿಡಿತ ಕಡಿಮೆಯಾದ್ದರಿಂದ ನೀರಿಗೆ ಮುಂಚಿತವಾಗಿ ಸ್ವಲ್ಪ ಕ್ಲೋರಿನ್ ಬೆರೆಸಿ ಆ ಆರ್ಸೆನಿಕ್ಅನ್ನು ಉತ್ಕರ್ಷಿಸಿ, ಅಂದರೆ ಋಣ ಅಯಾನಿನ ರೂಪಕ್ಕೆ ತಿರುಗಿಸಬೇಕು. ಕ್ಲೋರಿನ್ ಮಿತಿಮೀರಿದರೆ ಪಾಲಿಮರೇ ಹಾಳಾಗುತ್ತದೆ. ಬಳಿಕ ಮರಳಿನ ಸೋಸುಕದಲ್ಲಿ ಕಬ್ಬಿಣದ ಕೆಸರನ್ನು ತೆಗೆದು, ಒಂದರ ಹಿಂದೊಂದು ಜೋಡಿಸಿದ ಎರಡು ಸ್ತಂಭಗಳ (ಮಣಿ ತುಂಬಿದ ನಿಲುವು ಕೊಳವೆಗಳ) ಮೂಲಕ ನೀರನ್ನು ನಿಧಾನವಾಗಿ ಹಾಯಿಸಬೇಕು. ನೂರು ಲೀಟರ್ ಮಣಿಗಳಿರುವ ಸ್ತಂಭಕ್ಕೆ ನಿಮಿಷಕ್ಕೆ 20 ಲೀಟರ್ ಹರಿವು, ಅಂದರೆ ಐದು ನಿಮಿಷಗಳ ಸಂಪರ್ಕ, ಸೂಕ್ತ. ಎರಡರ ನಡುವೆ ಮಾದರಿ ತೆಗೆಯುವ ನಲ್ಲಿ ಇರಲೇಬೇಕು: ಅಲ್ಲಿ ಆರ್ಸೆನಿಕ್ ಕಾಣಿಸಿಕೊಂಡಾಗ ಮೊದಲನೆಯ ಸ್ತಂಭ ತುಂಬಿದೆ ಎಂದರ್ಥ, ಎರಡನೆಯದು ಅಷ್ಟರವರೆಗೆ ಕುಡಿಯುವವರನ್ನು ಕಾಯುತ್ತದೆ.

ತುಂಬಿದ ಮಣಿಗಳನ್ನು ಕಾಸ್ಟಿಕ್ ಸೋಡಾ ಮತ್ತು ಉಪ್ಪಿನ ದ್ರಾವಣದಿಂದ ತೊಳೆದು, ನೀರಿನಿಂದ ಜಾಲಿಸಿ, ಪಿಎಚ್ ಸರಿಪಡಿಸಿ ಮತ್ತೆ ಬಳಸಬಹುದು; ಈ ಕೆಲಸವನ್ನು ಕೈಗವಸು, ಕನ್ನಡಕ ಧರಿಸಿದ ತರಬೇತಾದವರೇ ಮಾಡಬೇಕು. ತೊಳೆದ ದ್ರಾವಣವನ್ನು ಚರಂಡಿಗೆ ಬಿಟ್ಟರೆ ಹಿಡಿದಿಟ್ಟ ವಿಷವೆಲ್ಲ ಮರಳಿ ಅಂತರ್ಜಲಕ್ಕೇ ಸೇರುತ್ತದೆ. ಆ ದ್ರಾವಣಕ್ಕೆ ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡ್ ಬೆರೆಸಿ, ಪಿಎಚ್ ಅನ್ನು ತಟಸ್ಥದ ಸಮೀಪಕ್ಕೆ ತಂದರೆ ಆರ್ಸೆನಿಕ್ ಕಬ್ಬಿಣದೊಡನೆ ಕೆಸರಾಗಿ ತಳಕ್ಕಿಳಿಯುತ್ತದೆ. ಆ ಕೆಸರನ್ನು ತಿಪ್ಪೆಗೆ ಹಾಕಬಾರದು, ಏಕೆಂದರೆ ಗಾಳಿಯಿಲ್ಲದ ಕೊಳೆತ ಜಾಗದಲ್ಲಿ ಕಬ್ಬಿಣ ಕರಗಿ ಆರ್ಸೆನಿಕ್ ಪುನಃ ಬಿಡುಗಡೆಯಾಗುತ್ತದೆ. ಅಪಾಯಕಾರಿ ತ್ಯಾಜ್ಯ ಸ್ವೀಕರಿಸಲು ಪರವಾನಗಿ ಪಡೆದ ಘಟಕಕ್ಕೆ ಒಯ್ಯುವವರೆಗೆ, ಗಾಳಿಯಾಡುವ ಮರಳಿನ ಹಾಸಿನ ಮೇಲೆ, ಮಳೆ ತಾಗದಂತೆ, ಕಾಂಕ್ರೀಟ್ ತೊಟ್ಟಿಯಲ್ಲಿಡಬೇಕು.