ಅಮೆರಿಕದ ಮೆಡಿಕೇಡ್ ಲೆಕ್ಕ: ಪೆನ್ನು ಹಿಡಿದು ನೀವೇ ಮಾಡಿ ನೋಡಿ

ಅಮೆರಿಕದಲ್ಲಿ ಕೆಲಸ ಹೋದರೆ ಎಷ್ಟೋ ಮನೆಗಳ ಆರೋಗ್ಯ ವಿಮೆಯೂ ಅದರ ಜೊತೆಗೇ ಹೋಗುತ್ತದೆ. ಆಗ ಬಡವರಿಗೆ ಉಳಿಯುವ ಆಸರೆ ಮೆಡಿಕೇಡ್. 1965ರಲ್ಲಿ ಶುರುವಾದ ಈ ಯೋಜನೆಯ ಖರ್ಚನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ನಮ್ಮ ಆಯುಷ್ಮಾನ್ ಭಾರತದಲ್ಲಿ 60–40 ಇದೆಯಲ್ವಾ, ಹಾಗೆ. ಕಷ್ಟಕಾಲದಲ್ಲಿ ಕೇಂದ್ರದ ನೆರವು ಎಲ್ಲಿ ಹೇಗೆ ತಲುಪುತ್ತದೆ ಎಂದು ತಿಳಿಯಲು ಒಂದು ಹಾಳೆ ಸಾಕು.

ಮೊದಲು ರಾಜ್ಯದ ಪಾಲು ಬರೆದುಕೊಳ್ಳಿ. ತಲಾ ಆದಾಯ ಕಡಿಮೆ ಇದ್ದಷ್ಟೂ ಕೇಂದ್ರ ಜಾಸ್ತಿ ಕೊಡುತ್ತದೆ. ಕಡಿಮೆ ಎಂದರೆ ಶೇ 50, ಹೆಚ್ಚೆಂದರೆ ಶೇ 83. ಕೋವಿಡ್‌ಗೆ ಮುಂಚೆ ಕ್ಯಾಲಿಫೋರ್ನಿಯಾಗೆ ಶೇ 50 ಸಿಗುತ್ತಿತ್ತು, ಮಿಸಿಸಿಪಿಗೆ ಸುಮಾರು ಶೇ 77. ಅಂದರೆ 100 ಡಾಲರ್ ಚಿಕಿತ್ಸೆಗೆ ಒಂದು ರಾಜ್ಯ 50 ಡಾಲರ್ ಹಾಕಿದರೆ, ಇನ್ನೊಂದು 23. (2014ರಲ್ಲಿ ಮೆಡಿಕೇಡನ್ನು ಇನ್ನಷ್ಟು ಜನರಿಗೆ ವಿಸ್ತರಿಸಿದಾಗ ಸೇರಿದ ವಯಸ್ಕರ ಲೆಕ್ಕ ಬೇರೆ. ಅಲ್ಲಿ ಈಗ ಕೇಂದ್ರದ್ದೇ ಶೇ 90.)

ಈಗ ಆರ್ಥಿಕ ಹಿಂಜರಿತ ಬಂತು ಅಂದುಕೊಳ್ಳಿ. ತೆರಿಗೆ ಆದಾಯ ಇಳಿಯುತ್ತದೆ, ಅದೇ ಹೊತ್ತಿಗೆ ಮೆಡಿಕೇಡ್ ಅರ್ಜಿ ಏರುತ್ತದೆ. ಕೇಂದ್ರದಂತೆ ಸಾಲ ಮಾಡಿ ವರ್ಷ ದೂಡಲು ರಾಜ್ಯಕ್ಕೆ ಆಗದು. ಬಹುತೇಕ ಎಲ್ಲ ರಾಜ್ಯಗಳಲ್ಲೂ ಬಜೆಟ್ ಸರಿದೂಗಿಸಲೇಬೇಕೆಂಬ ಕಟ್ಟಳೆ ಇದೆ. ಹಾಗಾಗಿ ಕಡಿತದ ಮಾತು ಬರುತ್ತದೆ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ತನ್ನ 1 ಡಾಲರ್ ಉಳಿಸಲು ಕ್ಯಾಲಿಫೋರ್ನಿಯಾ 2 ಡಾಲರ್ ಚಿಕಿತ್ಸೆ ನಿಲ್ಲಿಸಬೇಕು. ಮಿಸಿಸಿಪಿ 4 ಡಾಲರ್‌ಗಿಂತ ಜಾಸ್ತಿ! ರಾಜ್ಯ ಬಡವಾದಷ್ಟೂ ರೋಗಿಗೆ ಬೀಳುವ ಪೆಟ್ಟು ದೊಡ್ಡದು.

ಮುಂದಿನ ಸಾಲಿನಲ್ಲಿ ನೆರವು ಸೇರಿಸಿ. 2009ರಲ್ಲಿ ಒಮ್ಮೆ, 2020ರ ಮಾರ್ಚ್‌ನಲ್ಲಿ ಮತ್ತೊಮ್ಮೆ, ಕೇಂದ್ರದ ಶೇಕಡಾ ಪಾಲಿಗೆ 6.2 ಅಂಶ ಕೂಡಿಸಲಾಯಿತು. 100 ಡಾಲರ್‌ಗೆ ಕ್ಯಾಲಿಫೋರ್ನಿಯಾದ 50 ಡಾಲರ್ 43.80ಕ್ಕೆ ಇಳಿಯಿತು, ಮಿಸಿಸಿಪಿಯ 23 ಡಾಲರ್ 16.80ಕ್ಕೆ. ಸುಮ್ನೆ ನೋಡಿದರೆ ಚಿಲ್ಲರೆ. ಆದರೆ ಮಿಸಿಸಿಪಿಯ ಹೊರೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹಗುರಾಯಿತು.

ಆಮೇಲೆ ಷರತ್ತು ಓದಿ. ನನಗೆ ಹಣಕ್ಕಿಂತ ಇದೇ ಮುಖ್ಯ ಅನ್ನಿಸುತ್ತದೆ. 2020ರ ಹಣ ಬೇಕಿದ್ದರೆ ಪಟ್ಟಿಯಲ್ಲಿರುವವರ ಹೆಸರು ತೆಗೆಯುವಂತಿರಲಿಲ್ಲ. ತೀರಿಕೊಂಡವರು, ರಾಜ್ಯ ಬಿಟ್ಟವರು, ತಾವೇ ಬೇಡವೆಂದವರು ಬಿಟ್ಟು. ಮಕ್ಕಳ ಆರೋಗ್ಯ ವಿಮೆ ಯೋಜನೆಯೂ ಸೇರಿ, 7 ಕೋಟಿಯಷ್ಟಿದ್ದ ಫಲಾನುಭವಿಗಳು 2023ರ ಹೊತ್ತಿಗೆ 9 ಕೋಟಿ ದಾಟಿದರು.

ಆ ವರ್ಷದ ಮಾರ್ಚ್ 31ಕ್ಕೆ ಷರತ್ತು ಮುಗಿಯಿತು. ಕೂಡಿಸಿದ್ದ ಪಾಲೂ 5, 2.5, 1.5 ಎಂದು ಇಳಿದು ಡಿಸೆಂಬರ್‌ಗೆ ನಿಂತಿತು. ಮನೆಗಳಿಗೆ ನವೀಕರಣದ ಲಕೋಟೆಗಳು ಹೊರಟವು. ಎಷ್ಟೋ ಲಕೋಟೆ ಹಳೇ ವಿಳಾಸಕ್ಕೆ ಹೋದವು, ಫಾರಂ ವಾಪಸ್ ಬರಲಿಲ್ಲ. 2 ಕೋಟಿಗೂ ಹೆಚ್ಚು ಜನರ ಹೆಸರು ಹೋಯಿತು. ಅವರಲ್ಲಿ ಬಹುಪಾಲು ಜನ ಅನರ್ಹರೆಂದು ಸಾಬೀತಾದವರಲ್ಲ, ಕಾಗದಪತ್ರ ಪೂರ್ತಿಯಾಗದವರು.

ಅಲ್ಲಿ ನಿಮ್ಮವರು ಯಾರಾದರೂ ಮೆಡಿಕೇಡ್‌ನಲ್ಲಿದ್ದರೆ, ಮನೆ ಬದಲಿಸಿದ ಕೂಡಲೇ ರಾಜ್ಯದ ಕಚೇರಿಗೆ ಹೊಸ ವಿಳಾಸ ಕೊಡಲು ಹೇಳಿ. ಫಾರಂ ಕೊಡದೆ ಹೆಸರು ಹೋಗಿದ್ದರೂ 90 ದಿನದೊಳಗೆ ತುಂಬಿ ಕೊಡಲಿ. ಮಕ್ಕಳು, ಗರ್ಭಿಣಿಯರು ಮತ್ತು ದುಡಿಯುವ ವಯಸ್ಸಿನ ಬಹುತೇಕರ ವಿಷಯದಲ್ಲಿ, ಹೊಸ ಅರ್ಜಿ ಕೇಳದೆ ರಾಜ್ಯ ಅದನ್ನು ಪರಿಶೀಲಿಸಲೇಬೇಕು.