ಹೆಸರು ಬಿಟ್ಟು ಅಂಗಡಿಯ ವಿಳಾಸ ಹಿಡಿದೆ: ಇಂಗ್ಲೆಂಡಿನ ಜವಳಿ ಮನೆತನ ಹುಡುಕುವ ಬಗೆ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಬಟ್ಟೆ ಮಾರುತ್ತ, ಉಡುಪು ಹೊಲಿಯುತ್ತ ಬದುಕಿದ ಮನೆತನದ ಜಾಡು ಹಿಡಿಯುವವರು ಸಾಮಾನ್ಯವಾಗಿ ಮನೆತನದ ಹೆಸರಿನಿಂದಲೇ ಶುರುಮಾಡುತ್ತಾರೆ. ಹಾಗೆ ಮಾಡಿದರೆ ಅಂಗಡಿಯ ಗಂಡಸರು ಸಿಗುತ್ತಾರೆ, ಹೊಲಿಯುತ್ತಿದ್ದ ಹೆಂಗಸರು ತಪ್ಪಿಹೋಗುತ್ತಾರೆ. ಮದುವೆಯಾದೊಡನೆ ಅವರ ಹೆಸರು ಬದಲಾಗುತ್ತದೆ, ಕಸುಬಿನ ಕಾಲಂ ಖಾಲಿ ಬೀಳುತ್ತದೆ. ಅದಕ್ಕೇ ನಾನು ಅಂಗಡಿಯ ಬೀದಿ ಮತ್ತು ಬಾಗಿಲ ನಂಬರನ್ನು ಹಿಡಿದು ಹೊರಡುತ್ತೇನೆ.

ಮೊದಲು ಕಸುಬಿನ ಹೆಸರುಗಳು ತಿಳಿದಿರಬೇಕು. ಲಿನನ್ ಡ್ರೇಪರ್ ಎಂದರೆ ನಾರುಬಟ್ಟೆ, ಹತ್ತಿಬಟ್ಟೆ ಮಾರುವವನು, ವುಲನ್ ಡ್ರೇಪರ್ ಉಣ್ಣೆಯವನು, ಮರ್ಸರ್ ರೇಷ್ಮೆಯವನು, ಹ್ಯಾಬರ್‌ಡ್ಯಾಶರ್ ದಾರ, ಸೂಜಿ, ಗುಂಡಿ, ರಿಬ್ಬನ್ನಿನವನು. ಮಿಲಿನರ್ ಮುಖ್ಯವಾಗಿ ಹೆಂಗಸರ ಟೋಪಿ ಮಾಡುವವಳು. ಶತಮಾನದ ಮೊದಲ ದಶಕಗಳ ಕಾಗದಗಳಲ್ಲಿ ಮ್ಯಾಂಟುವಾ ಮೇಕರ್ ಎಂದಿದ್ದರೆ ಅವಳೇ ಡ್ರೆಸ್‌ಮೇಕರ್. ಒಂದೇ ಮನೆಯವರು ಇವುಗಳಲ್ಲಿ ಮೂರು ನಾಲ್ಕು ಹೆಸರಿನಡಿ ಸಿಗುವುದು ಸಾಮಾನ್ಯ. ಸ್ಕಾಚ್ ಡ್ರೇಪರ್ ಬೇರೆಯೇ ಜಾತಿ: ಗಂಟು ಹೊತ್ತು ಮನೆಮನೆಗೆ ಹೋಗಿ ವಾರದ ಕಂತಿನಲ್ಲಿ ಬಟ್ಟೆ ಕೊಡುವವನು. ಅವನಿಗೆ ಅಂಗಡಿಯಿಲ್ಲ, ಆದ್ದರಿಂದ ವಿಳಾಸದ ದಾರಿ ನಡೆಯುವುದಿಲ್ಲ. 1846ರ ಕಾಯ್ದೆಯಿಂದ ಬಂದ ಕೌಂಟಿ ಕೋರ್ಟುಗಳಲ್ಲಿ ಸಾಲ ವಸೂಲಿಗೆ ಇಂಥವರು ಹೂಡಿದ ದಾವೆಗಳನ್ನು ಸ್ಥಳೀಯ ಪತ್ರಿಕೆಗಳಲ್ಲಿ ಹುಡುಕಬೇಕು.

ವಿಳಾಸ ಸಿಗುವುದು ವ್ಯಾಪಾರಿ ಡೈರೆಕ್ಟರಿಗಳಲ್ಲಿ: ಪಿಗಟ್, ಸ್ಲೇಟರ್, ವೈಟ್, ಕೆಲ್ಲಿ. ಲೆಸ್ಟರ್ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಬಹಳಷ್ಟು ಪುಕ್ಕಟೆ ಇವೆ. ನಾನು ಐದು ಕಾಲಂ ಹಾಕಿಕೊಳ್ಳುತ್ತೇನೆ: ವರ್ಷ, ಬೀದಿ, ನಂಬರು, ಹೆಸರು, ಯಾವ ಶೀರ್ಷಿಕೆಯಡಿ. ಅಕಾರಾದಿ ಪಟ್ಟಿ ನೋಡಿ ನಿಲ್ಲಿಸಬಾರದು. ಡ್ರೇಪರ್‌ಗಳ ಪಟ್ಟಿಯಲ್ಲಿ ಅಣ್ಣನಿದ್ದರೆ, ಮಿಲಿನರ್ ಮತ್ತು ಡ್ರೆಸ್‌ಮೇಕರ್‌ಗಳ ಪಟ್ಟಿಯಲ್ಲಿ ಅದೇ ಬೀದಿಯ ಅದೇ ನಂಬರಿಗೆ ಯಾವ ಹೆಂಗಸಿದ್ದಾಳೆ ಎಂದು ಬೆರಳಿಟ್ಟು ನೋಡಬೇಕು. ಹೆಸರು ಬೇರೆಯಿದ್ದರೂ ಬರೆದುಕೊಳ್ಳಿ. ಮದುವೆಯಾದ ತಂಗಿಯೋ ಹೆಂಡತಿಯ ಅಕ್ಕನೋ ಆಗಿರಬಹುದು.

ಇಲ್ಲಿ ಎರಡು ಕಡೆ ಎಡವುತ್ತೇವೆ. ಡೈರೆಕ್ಟರಿಯ ಮಾಹಿತಿ ಅಚ್ಚಾಗುವುದಕ್ಕೆ ತಿಂಗಳುಗಳ ಮೊದಲೇ ಕಲೆಹಾಕಿದ್ದು. ಮುಖಪುಟದ ವರ್ಷದಲ್ಲಿ ಅಂಗಡಿ ಮುಚ್ಚಿಯೇ ಹೋಗಿರಬಹುದು. ಎರಡನೆಯದು, ಬೀದಿಗಳ ನಂಬರು ಬದಲಾಗುವುದು. ಲಂಡನ್ನಿನಲ್ಲಿ 1850ರ ದಶಕದಿಂದೀಚೆಗೆ ಎಷ್ಟೋ ಬೀದಿಗಳ ನಂಬರು, ಹೆಸರು ಎರಡೂ ಬದಲಾದವು. 14ರಿಂದ 31ಕ್ಕೆ ಹೋದರೆಂದು ಬರೆಯುವ ಮುಂಚೆ ಅಕ್ಕಪಕ್ಕದ ಪಬ್ಬು, ಚರ್ಚು ನೋಡಿ. ಅದೇ ಪಬ್ಬು ಪಕ್ಕದಲ್ಲಿದ್ದರೆ ಅಂಗಡಿ ಕದಲಿಲ್ಲ, ನಂಬರು ಕದಲಿದೆ.

ಆಮೇಲೆ ಖಾನೇಷುಮಾರಿ. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. 1841ರ ಜೂನ್ 6ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಬೇಕೆಂದು ಸೂಚನೆಯಿತ್ತು. 44 ಎಂದರೆ 40 ಎಂದು ಬರೆದರು. ಮನೆಯೊಳಗಿನ ಸಂಬಂಧ ಬರೆಯಲೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು ಸೂಚನೆ: ಹೆಂಡತಿಯ ಕಸುಬನ್ನೂ, ಸಂಬಳವಿಲ್ಲದೆ ತಂದೆತಾಯಿಗೆ ನೆರವಾಗುವ ಮಕ್ಕಳ ಕಸುಬನ್ನೂ ಬರೆಯಬೇಕಿಲ್ಲ. ಹಿಂಬದಿಯ ಕೋಣೆಯಲ್ಲಿ ದಿನವಿಡೀ ಹೊಲಿಯುತ್ತಿದ್ದ ಮಗಳ ಮುಂದೆ ಏನೂ ಇಲ್ಲದಿರುವುದಕ್ಕೆ ಕಾರಣ ಇದು. ಆ ಖಾಲಿ ಜಾಗವನ್ನು ‘ಕೆಲಸವಿಲ್ಲ’ ಎಂದು ಓದುವುದು ದೊಡ್ಡ ತಪ್ಪು.

1851ರಿಂದ ಸಂಬಂಧ, ವೈವಾಹಿಕ ಸ್ಥಿತಿ, ಹುಟ್ಟಿದ ಊರು ಸಿಗುತ್ತವೆ. ದೊಡ್ಡ ಡ್ರೇಪರ್ ಅಂಗಡಿಯ ಮನೆಯಲ್ಲಿ ಹತ್ತಾರು ತರುಣ ತರುಣಿಯರು ಕಂಡರೆ ಅವರು ನೆಂಟರಲ್ಲ; ನೌಕರರನ್ನು ಅಂಗಡಿಯಲ್ಲೇ ಇರಿಸಿಕೊಂಡು ಊಟ ಹಾಕುವ ಪದ್ಧತಿಯಿತ್ತು. ಆದರೂ ಅವರ ಹುಟ್ಟೂರು ಗುರುತಿಸಿಕೊಳ್ಳಿ. ಯಜಮಾನನ ಊರಿನವರೇ ಇಬ್ಬರಿದ್ದರೆ ಅಲ್ಲೊಂದು ನೆಂಟಸ್ತನವೋ ಪ್ರಾರ್ಥನಾ ಮಂದಿರದ ಪರಿಚಯವೋ ಇರಬಹುದು. ಆಂಗ್ಲಿಕನ್ ಚರ್ಚಿಗೆ ಸೇರದ ಕುಟುಂಬವಾದರೆ ಹಳೆಯ ದೀಕ್ಷಾಸ್ನಾನದ ದಾಖಲೆ ರಾಷ್ಟ್ರೀಯ ದಾಖಲೆಗಾರದ ಆರ್‌ಜಿ 4 ಸರಣಿಯಲ್ಲಿ ಸಿಗುತ್ತದೆ. ಚರ್ಚಿನವರಾದರೆ 1813ರ ನಂತರದ ಪ್ಯಾರಿಷ್, ಅಂದರೆ ಸ್ಥಳೀಯ ಚರ್ಚಿನ, ದೀಕ್ಷಾ ರಿಜಿಸ್ಟರಿನಲ್ಲಿ ತಂದೆಯ ಕಸುಬೂ ಇರುತ್ತದೆ.

ಗಣತಿಯ ನಕಲು ಪಟ್ಟಿಯನ್ನು ನಂಬದೆ ಮೂಲ ಪುಟದ ಚಿತ್ರವನ್ನೇ ತೆರೆಯಿರಿ. ಲೆಕ್ಕ ಹಾಕಿದ ಗುಮಾಸ್ತರ ಗೀಟುಗಳು ಕಸುಬಿನ ಮೇಲೆಯೇ ಬಿದ್ದಿರುತ್ತವೆ. ಅದರಿಂದ ಡ್ರೇಪರ್ ಡ್ರೋವರ್ ಆಗುತ್ತಾನೆ, ಅಂದರೆ ಬಟ್ಟೆಯವನು ದನ ಹೊಡೆಯುವವನಾಗಿಬಿಡುತ್ತಾನೆ. 1901ರ ಗಣತಿಯಲ್ಲಿ ‘ಮನೆಯಲ್ಲೇ ಕೆಲಸವೇ’ ಎಂಬ ಕಾಲಂ ಇದೆ. ಹೊಲಿಗೆಯವರ ಮಟ್ಟಿಗೆ ಇದು ಚಿನ್ನ.

ಹಣದ ಕಾಗದಗಳಲ್ಲಿ ಸರ್ಕಾರಿ ಪ್ರಕಟಣೆಗಳ ಪತ್ರಿಕೆಯಾದ ಲಂಡನ್ ಗೆಜೆಟ್ ಮೊದಲು. ದಿವಾಳಿಯಷ್ಟೇ ಅಲ್ಲ, ಪಾಲುದಾರಿಕೆ ಮುರಿದ ಪ್ರಕಟಣೆಗಳನ್ನೂ ಓದಿ: ಅಣ್ಣತಮ್ಮಂದಿರು, ಭಾವಮೈದುನರು, ಬೀದಿ, ತಾರೀಖು, ಸಾಲ ತೀರಿಸುವವರು ಯಾರು ಎಂಬುದೆಲ್ಲ ಅಲ್ಲಿರುತ್ತದೆ. ಹತ್ತಿಬಟ್ಟೆಯವರಾದರೆ 1861ರಿಂದ 65ರವರೆಗಿನ ಸಂಚಿಕೆಗಳನ್ನು ಬಿಡಬೇಡಿ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತು, ನಮ್ಮ ಧಾರವಾಡದ ಹತ್ತಿಗೂ ಲ್ಯಾಂಕಶೈರಿನಲ್ಲಿ ಕಣ್ಣು ಬಿದ್ದ ಕಾಲ ಅದು. ಆ ವರ್ಷಗಳ ದಾಸ್ತಾನಿನ ಬೆಲೆಯನ್ನು 1855ರದರ ಜೊತೆ ಹೋಲಿಸಿ ‘ವ್ಯಾಪಾರ ಬೆಳೆಯಿತು’ ಎಂದರೆ ತಪ್ಪಾಗುತ್ತದೆ, ಬೆಳೆದದ್ದು ದರ.

ಉಯಿಲಿನ ರಾಷ್ಟ್ರೀಯ ಪಟ್ಟಿ 1858ರ ಜನವರಿಯಿಂದ ಇದೆ. ‘300 ಪೌಂಡಿನೊಳಗೆ’ ಎಂದಿದ್ದರೆ ಅದು ಮೊತ್ತವಲ್ಲ, ಮಿತಿ. 1898ರವರೆಗೆ ಆ ಲೆಕ್ಕದಲ್ಲಿ ಸ್ವಂತ ಕಟ್ಟಡ, ಜಮೀನು ಸೇರುತ್ತಿರಲಿಲ್ಲ. ಸ್ವಂತ ಅಂಗಡಿಯಿದ್ದವನೂ ಬಡವನಂತೆ ಕಾಣುತ್ತಾನೆ. ಮದುವೆಯಾದ ಹೆಂಗಸರ ಆಸ್ತಿಯ 1882ರ ಕಾಯ್ದೆ ಜಾರಿಗೆ ಬಂದದ್ದು 1883ರ ಜನವರಿ 1ರಂದು. ಅದಕ್ಕೆ ಮುಂಚೆ ಹೊಲಿಗೆಯವಳ ಉಯಿಲು ಹುಡುಕುವುದಾದರೆ ವಿಧವೆಯರಲ್ಲಿ, ಮದುವೆಯಾಗದವರಲ್ಲಿ ಹುಡುಕಿ.

ಅಂಗಡಿಯ ಬಿಲ್ಲು ಸಿಕ್ಕರೆ: ಗಜಕ್ಕೆ 36 ಇಂಚು, ಕ್ವಾರ್ಟರ್ ಎಂದರೆ 9 ಇಂಚು, ನೇಲ್ ಎಂದರೆ ಎರಡೂಕಾಲು ಇಂಚು. ಶಿಲ್ಲಿಂಗಿಗೆ 12 ಪೆನ್ನಿ, ಪೌಂಡಿಗೆ 20 ಶಿಲ್ಲಿಂಗು. ಎಕ್ಸೆಲ್‌ನಲ್ಲಿ ದಶಾಂಶವಾಗಿ ಹಾಕಿದರೆ ಕೂಡಿಕೆ ಕೆಡುತ್ತದೆ, ಎಲ್ಲವನ್ನೂ ಫಾರ್ದಿಂಗಿಗೆ ಇಳಿಸಿ, ಪೆನ್ನಿಗೆ ನಾಲ್ಕು. ಹನ್ನೊಂದೂಮುಕ್ಕಾಲು ಪೆನ್ನಿಯ ದರ ಮತ್ತೆ ಮತ್ತೆ ಬಂದರೆ ಬೆರಗಾಗಬೇಡಿ. ಕಾಲು ಪೆನ್ನಿ ಚಿಲ್ಲರೆಗೆ ಗುಂಡುಸೂಜಿಯ ಕಾಗದ ಕೊಡುತ್ತಿದ್ದರು. ಪಕ್ಕದಲ್ಲಿ ಅರ್ಥವಾಗದ ಅಕ್ಷರಗಳಿದ್ದರೆ ಅದು ಕೊಂಡ ಬೆಲೆಯ ಗುಟ್ಟು: ಅಕ್ಷರ ಮರುಕಳಿಸದ ಹತ್ತಕ್ಷರದ ಪದವೊಂದನ್ನು 1ರಿಂದ 0ವರೆಗೆ ಹೊಂದಿಸಿಕೊಳ್ಳುತ್ತಿದ್ದರು. ದಾಸ್ತಾನು ಪಟ್ಟಿಯಲ್ಲಿ ಗಜವೂ ಒಟ್ಟು ಮೊತ್ತವೂ ಅಂಕಿಯಲ್ಲಿದ್ದರೆ ಭಾಗಿಸಿ ಬಿಡಿಸಬಹುದು.

ಕೊನೆಗೆ ಇವಳು ಅವಳೇ ಹೌದೇ ಎಂಬ ಖಾತ್ರಿ. 1911ಕ್ಕೂ ಹಿಂದಿನ ಗಣತಿಗಳಲ್ಲಿ ಉಳಿದಿರುವುದು ಗಣತಿದಾರ ನಕಲು ಮಾಡಿದ ಪುಸ್ತಕ; 1911ರದರಲ್ಲಿ ಮನೆಯವರೇ ತುಂಬಿದ ಹಾಳೆ ಉಳಿದಿದೆ. ಮನೆಯ ಯಜಮಾನಿಯಾಗಿದ್ದ ಹೊಲಿಗೆಯವಳ ಸಹಿ ಅದರ ಕೆಳಗಿರುತ್ತದೆ. ಪಕ್ಕದಲ್ಲಿ ಮದುವೆಯ ಸಹಿ ಇಟ್ಟು ನೋಡಿ. ಕೇಂದ್ರ ನೋಂದಣಿ ಕಚೇರಿಯ ಪ್ರಮಾಣಪತ್ರ ಸಾಲದು, ಅದು ಇನ್ನೊಬ್ಬರ ಕೈಬರಹದ ನಕಲು. ಕೌಂಟಿ ದಾಖಲೆಗಾರದಲ್ಲಿರುವ ಪ್ಯಾರಿಷ್ ರಿಜಿಸ್ಟರಿನ ಚಿತ್ರವೇ ಬೇಕು.