ಕಿವಿ ಚುಚ್ಚುವ ‘ಸ’ ಮತ್ತು ಈಕ್ವಲೈಜರ್

ನನ್ನ ಕೆಲಸ ಮಾತು ಕೇಳಿ ಟೈಪ್ ಮಾಡುವುದು. ಸಂದರ್ಶನ, ಭಾಷಣ, ಪಾಠ, ಏನು ಬಂದರೂ ಸರಿ. ದಿನಕ್ಕೆ ಆರು ಗಂಟೆ ಹೆಡ್‌ಫೋನ್ ತಲೆ ಮೇಲೆಯೇ ಇರುತ್ತದೆ. ಎರಡು ವರ್ಷದ ಹಿಂದೆ ಹೊಸದೊಂದು ತಗೊಂಡೆ. ಕಿವಿ ಪೂರ್ತಿ ಮುಚ್ಚುವಂಥದ್ದು, ಮೆತ್ತಗಿತ್ತು, ಹಗುರವಾಗಿತ್ತು. ಆದರೆ ಯಾರಾದರೂ ‘ಸಂಸಾರ’, ‘ಶಿಸ್ತು’ ಅಂದರೆ ಸಾಕು, ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಗಂಡಸರ ದನಿ ಬೇರೆ ಮಡಕೆಯೊಳಗಿಂದ ಬಂದ ಹಾಗೆ ಗುಂಯ್ ಅನ್ನುತ್ತಿತ್ತು. ಸಂಜೆ ಹೊತ್ತಿಗೆ ತಲೆನೋವು.

ವಾಪಸ್ ಕೊಡುವ ಗಡುವು ಮುಗಿದಿತ್ತು. ಬೇರೆ ದಾರಿ ಇಲ್ಲದೆ, ಸದ್ದಿನ ಕೆಳಗಿನ (ಬೇಸ್), ನಡುವಿನ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್‌ಗೆ ಕೈ ಹಾಕಿದೆ. ಮೊದಲ ವಾರ ಇದ್ದಬದ್ದ ಸ್ಲೈಡರ್‌ಗಳನ್ನೆಲ್ಲ ಮೇಲಕ್ಕೆ ತಳ್ಳಿ ಇರುವುದನ್ನೂ ಕೆಡಿಸಿಕೊಂಡೆ. ಈಗ ಅದೇ ಹೆಡ್‌ಫೋನ್ ಹಾಕಿಕೊಂಡು ನೆಮ್ಮದಿಯಾಗಿ ಕೆಲಸ ಮಾಡುತ್ತೇನೆ. ನಾನು ಕಲಿತದ್ದು ಇಷ್ಟೇ: ಬೇಕಾದದ್ದನ್ನು ಏರಿಸುವುದಕ್ಕಿಂತ ಬೇಡವಾದದ್ದನ್ನು ಇಳಿಸಬೇಕು. ಅದನ್ನು ಹೇಗೆ ಮಾಡೋದು ಅಂತ ಹೇಳುತ್ತೇನೆ.

ಮೊದಲು ಸಾಫ್ಟ್‌ವೇರ್ ಬಿಟ್ಟು ಹೆಡ್‌ಫೋನನ್ನೇ ನೋಡಿ. ನಾನು ಕನ್ನಡಕ ಹಾಕುತ್ತೇನೆ. ಕನ್ನಡಕದ ಕಡ್ಡಿ ಪ್ಯಾಡ್ ಮತ್ತು ಚರ್ಮದ ನಡುವೆ ಸಣ್ಣ ಸಂದು ಬಿಡುತ್ತದೆ. ಬೇಸ್ ಆ ಸಂದಿನಿಂದಲೇ ಸೋರಿ ಹೋಗುತ್ತದೆ. ಪರೀಕ್ಷೆ ಸುಲಭ. ಬೇಸ್ ಇರುವ ಹಾಡು ಹಾಕಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಬೇಸ್ ಜಾಸ್ತಿಯಾದರೆ ಅದು ಸೀಲ್ ತೊಂದರೆ, ಈಕ್ವಲೈಜರ್ ತೊಂದರೆ ಅಲ್ಲ. ಕಿವಿಯೊಳಗೆ ಹಾಕುವ ಇಯರ್‌ಫೋನ್ ಆದರೆ ರಬ್ಬರ್ ಟಿಪ್‌ನ ಅಳತೆ ಬದಲಿಸಿ ನೋಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಈಗಾಗಲೇ ಆನ್ ಆಗಿರುವುದನ್ನೆಲ್ಲ ಆಫ್ ಮಾಡಿ. ಹೆಡ್‌ಫೋನ್ ಕಂಪನಿಯ ಆ್ಯಪ್‌ನಲ್ಲಿ ಒಂದು ಈಕ್ವಲೈಜರ್, ಹಾಡು ಹಾಕುವ ಪ್ಲೇಯರ್‌ನಲ್ಲಿ ಇನ್ನೊಂದು, ಲ್ಯಾಪ್‌ಟಾಪ್ ತಯಾರಕರು ತುರುಕಿದ ‘ಸೌಂಡ್ ಎನ್‌ಹಾನ್ಸ್‌ಮೆಂಟ್’ ಮೂರನೆಯದು. ಮೂರೂ ಸೇರಿದರೆ ಯಾವುದು ಏನು ಮಾಡುತ್ತಿದೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಒಂದೇ ಜಾಗದಲ್ಲಿ ಒಂದೇ ಈಕ್ವಲೈಜರ್ ಇರಲಿ.

ಯಾವ ಸಾಫ್ಟ್‌ವೇರ್?

ವಿಂಡೋಸ್‌ನಲ್ಲಿ ನಾನು ಬಳಸುವುದು ಈಕ್ವಲೈಜರ್ ಎಪಿಒ. ಉಚಿತ. ಇಡೀ ಕಂಪ್ಯೂಟರ್‌ನ ಸದ್ದು ಇದರ ಮೂಲಕವೇ ಹೋಗುತ್ತದೆ, ಹಾಗಾಗಿ ಬ್ರೌಸರ್, ಪ್ಲೇಯರ್, ಮೀಟಿಂಗ್ ಎಲ್ಲಕ್ಕೂ ಅನ್ವಯಿಸುತ್ತದೆ. ಇನ್‌ಸ್ಟಾಲ್ ಮಾಡುವಾಗ ಯಾವ ಡಿವೈಸ್‌ಗೆ ಬೇಕು ಅಂತ ಕೇಳುತ್ತದೆ. ನಿಮ್ಮ ಹೆಡ್‌ಫೋನ್ ಮುಂದೆ ಟಿಕ್ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಬ್ಲೂಟೂತ್ ಹೆಡ್‌ಫೋನ್ ಬೇರೆ ಡಿವೈಸ್ ಅಂತ ಲೆಕ್ಕ, ಅದಕ್ಕೂ ಬೇರೆ ಟಿಕ್ ಬೇಕು. ಇದರ ಮೇಲೆ ಪೀಸ್ ಅನ್ನೋ ಇನ್ನೊಂದು ಉಚಿತ ಪ್ರೋಗ್ರಾಮ್ ಹಾಕಿಕೊಂಡರೆ ಸ್ಲೈಡರ್, ಗ್ರಾಫ್, ಆನ್-ಆಫ್ ಬಟನ್ ಎಲ್ಲ ಸಿಗುತ್ತವೆ. ಲಿನಕ್ಸ್‌ನಲ್ಲಿ ಈಸಿಎಫೆಕ್ಟ್ಸ್, ಮ್ಯಾಕ್‌ನಲ್ಲಿ ಇಕ್ಯೂಮ್ಯಾಕ್ ಇಲ್ಲವೇ ಸೌಂಡ್‌ಸೋರ್ಸ್, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಇವೆ.

ಪ್ರಿಆ್ಯಂಪ್ ಮರೆಯಬೇಡಿ

ಡಿಜಿಟಲ್ ಸದ್ದಿಗೆ ಒಂದು ಚಾವಣಿ ಇದೆ. ಅದನ್ನು ಸೊನ್ನೆ ಡೆಸಿಬೆಲ್ ಅಂತ ಕರೆಯುತ್ತಾರೆ. ಈಗಿನ ಹಾಡುಗಳಲ್ಲಿ ಬಹಳಷ್ಟು ಆ ಚಾವಣಿಗೆ ತಲೆ ತಾಗಿಸಿಕೊಂಡೇ ಇರುತ್ತವೆ. ನೀವು ಬೇಸ್ ಅನ್ನು 6 ಡೆಸಿಬೆಲ್ ಏರಿಸಿದರೆ ಅಲೆಯ ಎತ್ತರ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಚಾವಣಿ ದಾಟಿದ ತುದಿಗಳು ಕತ್ತರಿಸಿ ಹೋಗುತ್ತವೆ. ಆಗ ಒಂದು ಥರ ಹರಕಲು, ಕರಕರ ಸದ್ದು ಬರುತ್ತದೆ. ನನ್ನ ಮೊದಲ ವಾರ ಪೂರ್ತಿ ಹೀಗೇ ಕಳೆಯಿತು, ಹೆಡ್‌ಫೋನೇ ಒಡೆದಿದೆ ಅಂದುಕೊಂಡಿದ್ದೆ.

ಪರಿಹಾರ, ಇಡೀ ಸದ್ದನ್ನು ಒಟ್ಟಿಗೆ ಏರಿಸಿ ಇಳಿಸುವ ಪ್ರಿಆ್ಯಂಪ್ ಅನ್ನೋ ಒಂದೇ ಸ್ಲೈಡರ್. ನೀವು ಅತಿ ಹೆಚ್ಚು ಎಷ್ಟು ಏರಿಸಿದ್ದೀರೋ ಅಷ್ಟನ್ನು ಪ್ರಿಆ್ಯಂಪ್‌ನಲ್ಲಿ ಇಳಿಸಿ. ಬೇಸ್ 4 ಏರಿಸಿದರೆ ಪ್ರಿಆ್ಯಂಪ್ ಮೈನಸ್ 4. ಒಂದರ ಪಕ್ಕ ಒಂದು ಎರಡು ಕಡೆ ಏರಿಸಿದ್ದರೆ ಅವು ಕೂಡಿಕೊಳ್ಳುತ್ತವೆ, ಆದ್ದರಿಂದ ಗ್ರಾಫ್‌ನ ತುದಿ ನೋಡಿ ಲೆಕ್ಕ ಹಾಕಿ. ಸದ್ದು ಕಮ್ಮಿ ಅನ್ನಿಸಿದರೆ ವಾಲ್ಯೂಮ್ ಏರಿಸಿಕೊಂಡರಾಯಿತು.

ಮೂರು ಸಂಖ್ಯೆಗಳು

ಹಳೆಯ ಪ್ಲೇಯರ್‌ಗಳಲ್ಲಿ ಹತ್ತು ಸ್ಲೈಡರ್ ಇರುತ್ತಿದ್ದವಲ್ಲ, ಅದಕ್ಕಿಂತ ಪ್ಯಾರಾಮೆಟ್ರಿಕ್ ಈಕ್ವಲೈಜರ್ ಒಳ್ಳೆಯದು. ಇಲ್ಲಿ ಒಂದೊಂದು ಏರಿಕೆ ಇಳಿಕೆಯೂ ಒಂದು ಫಿಲ್ಟರ್. ಪ್ರತಿ ಫಿಲ್ಟರ್‌ಗೆ ಮೂರು ಸಂಖ್ಯೆ ಕೊಡುತ್ತೀರಿ. ಎಲ್ಲಿ, ಅದು ಸೆಕೆಂಡಿಗೆ ಎಷ್ಟು ಕಂಪನ ಅಂತ ಹೇಳುವ ಹರ್ಟ್ಸ್‌ನಲ್ಲಿ. ಎಷ್ಟು, ಅದು ಡೆಸಿಬೆಲ್‌ನಲ್ಲಿ. ಎಷ್ಟು ಅಗಲ, ಅದಕ್ಕೆ ಕ್ಯೂ ಅನ್ನುತ್ತಾರೆ. ಕ್ಯೂ ಹೆಚ್ಚಾದಷ್ಟೂ ಫಿಲ್ಟರ್ ಕಿರಿದು. ಕ್ಯೂ 1.41 ಅಂದರೆ ಸುಮಾರು ಒಂದು ಸ್ಥಾಯಿಯಷ್ಟು ಅಗಲ. ಕ್ಯೂ 5 ಅಂದರೆ ಚಾಕುವಿನ ಅಂಚು. ಇದಲ್ಲದೆ ಶೆಲ್ಫ್ ಅನ್ನೋ ಇನ್ನೊಂದು ಬಗೆ ಇದೆ. ಲೋ ಶೆಲ್ಫ್ ಒಂದು ಬಿಂದುವಿನಿಂದ ಕೆಳಗಿನದ್ದನ್ನೆಲ್ಲ, ಹೈ ಶೆಲ್ಫ್ ಮೇಲಿನದ್ದನ್ನೆಲ್ಲ ಒಟ್ಟಿಗೆ ಎತ್ತುತ್ತದೆ ಇಲ್ಲವೇ ಇಳಿಸುತ್ತದೆ.

ಎಲ್ಲಿ ಏನಿದೆ ಅಂತ ಕಿವಿಗೆ ಅಂದಾಜು ಇರಬೇಕು. 60 ಹರ್ಟ್ಸ್‌ಗಿಂತ ಕೆಳಗೆ ಕೇಳುವುದಕ್ಕಿಂತ ಗುಡುಗಿನ ಹಾಗೆ ಅನುಭವಕ್ಕೆ ಬರುವುದೇ ಹೆಚ್ಚು. 100ರಿಂದ 250ರವರೆಗೆ ದನಿಯ ಬುಡ, ಚರ್ಮವಾದ್ಯದ ಮೈ. ಇಲ್ಲಿ ಜಾಸ್ತಿಯಾದರೆ ನಾನು ಹೇಳಿದ ಮಡಕೆ ಗುಂಯ್. 300ರಿಂದ 500 ಉಬ್ಬಿದರೆ ಹಾಡಿಗೆ ಕಂಬಳಿ ಹೊದಿಸಿದ ಹಾಗಿರುತ್ತದೆ. 1000ದ ಸುತ್ತ ಉಬ್ಬಿದರೆ ಎಲ್ಲರೂ ಮೂಗಿನಿಂದ ಮಾತಾಡುತ್ತಾರೆ. 2000ದಿಂದ 4000 ಮಾತಿನ ಸ್ಪಷ್ಟತೆ ಇರುವ ಜಾಗ, ಅತಿಯಾದರೆ ಕಿರುಚಾಟ. 5000ದಿಂದ 9000ದ ನಡುವೆ ಸ, ಶ, ಚ ಮತ್ತು ತಾಳದ ಝಣಝಣ. 10,000ದ ಮೇಲೆ ಏನಿದೆಯೋ ಅದನ್ನು ಹಾಗೇ ಬಿಟ್ಟುಬಿಡಿ.

ಸಿದ್ಧ ಲೆಕ್ಕ ಇದೆ, ಆದರೂ ಕಿವಿ ಬೇಕು

ಆಟೋಇಕ್ಯೂ ಅನ್ನೋ ಉಚಿತ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನ್‌ಗಳ ಅಳತೆ ಇದೆ. ನಿಮ್ಮ ಮಾಡೆಲ್ ಹುಡುಕಿ, ನಿಮ್ಮ ಈಕ್ವಲೈಜರ್ ಯಾವುದು ಅಂತ ಆರಿಸಿದರೆ ಪ್ರಿಆ್ಯಂಪ್ ಸಮೇತ ಫಿಲ್ಟರ್‌ಗಳ ಪಟ್ಟಿ ಕೊಡುತ್ತದೆ. ವೇವ್‌ಲೆಟ್‌ನಲ್ಲಿ ಇದು ಒಳಗೇ ಇದೆ.

ಈ ಪಟ್ಟಿ ಒಂದು ಗುರಿಯ ಕಡೆಗೆ ಎಳೆಯುತ್ತದೆ. ಹೆಚ್ಚಾಗಿ ಅದು ಹರ್ಮನ್ ಟಾರ್ಗೆಟ್. ಆಡಿಯೊ ಸಲಕರಣೆ ಮಾಡುವ ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಅವರ ಜೊತೆಯವರು 2012ರ ಸುಮಾರಿನಿಂದ ಜನರನ್ನು ಕೂರಿಸಿ, ಬೇರೆ ಬೇರೆ ಸದ್ದು ಕೇಳಿಸಿ, ಯಾವುದು ಇಷ್ಟ ಅಂತ ಕೇಳಿ ರೂಪಿಸಿದ ಗೆರೆ ಇದು. ಕಿವಿ ಮುಚ್ಚುವ ಹೆಡ್‌ಫೋನ್‌ಗೆ 2018ರ ಆವೃತ್ತಿ ಹೆಚ್ಚು ಬಳಕೆಯಲ್ಲಿದೆ. ಬಹುಪಾಲು ಜನರಿಗೆ ಹಿಡಿಸಿದ್ದು ಅನ್ನಿ. ನಿಮಗೂ ಹಿಡಿಸಲೇಬೇಕು ಅಂತ ಏನಿಲ್ಲ.

ಯಾವ ಹರ್ಟ್ಸ್ ಎಷ್ಟು ಜೋರು ಅಂತ ತೋರಿಸುವ ಅಳತೆಯ ಗ್ರಾಫ್ ನೋಡಿ ನಾನು ಮಾಡಿದ ದೊಡ್ಡ ತಪ್ಪು ಇದು. ನನ್ನ ಹೆಡ್‌ಫೋನ್‌ನ ಗ್ರಾಫ್‌ನಲ್ಲಿ 3000 ಹರ್ಟ್ಸ್ ಹತ್ತಿರ ಒಂದು ಗುಡ್ಡ ಇತ್ತು. ‘ಸಿಕ್ಕಿಬಿದ್ದೆ ಕಳ್ಳ’ ಅಂತ ಅದನ್ನು ಪೂರ್ತಿ ಕಡಿದು ಸಪಾಟು ಮಾಡಿದೆ. ಮಾತು ಗೋಡೆಯಾಚೆ ಹೋಯಿತು! ಆಮೇಲೆ ತಿಳಿಯಿತು. ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದು 3000 ಹರ್ಟ್ಸ್ ಸುತ್ತ ತಾನೇ ಅನುರಣಿಸುತ್ತದೆ. ಎದುರಿಗೆ ಒಳ್ಳೆಯ ಸ್ಪೀಕರ್ ಇಟ್ಟು ಕಿವಿತಮಟೆ ಇರುವ ಜಾಗದಲ್ಲಿ ಅಳೆದರೂ ಅಲ್ಲಿ ಗುಡ್ಡ ಇರುತ್ತದೆ. ಹುಟ್ಟಿದಾಗಿನಿಂದ ಲೋಕವನ್ನು ನಾವು ಆ ಗುಡ್ಡದ ಜೊತೆಗೇ ಕೇಳಿದ್ದೇವೆ. ಹೆಡ್‌ಫೋನ್‌ನ ಗ್ರಾಫ್‌ನಲ್ಲೂ ಅದು ಇರಬೇಕು. ಗುರಿಯ ಗೆರೆಗಿಂತ ಎಷ್ಟು ಮೇಲಿದೆ ಅಂತ ನೋಡಬೇಕೇ ಹೊರತು ಸೊನ್ನೆಯ ಗೆರೆಗಿಂತ ಅಲ್ಲ.

ಇನ್ನೊಂದು ಮಾತು. 8000 ಹರ್ಟ್ಸ್ ಮೇಲಿನ ಅಳತೆಯನ್ನು ಹೆಚ್ಚು ನಂಬಬೇಡಿ. ಅಲ್ಲಿ ಅಲೆಗಳು ಎಷ್ಟು ಚಿಕ್ಕವೆಂದರೆ, ಕಪ್ ಅರ್ಧ ಸೆಂಟಿಮೀಟರ್ ಸರಿದರೂ ಗ್ರಾಫ್ ಬದಲಾಗುತ್ತದೆ. ಅಳೆಯುವ ಯಂತ್ರದ ಕಿವಿಯೂ ನಿಮ್ಮ ಕಿವಿಯೂ ಒಂದೇ ಅಲ್ಲ. ಹಾಗಾಗಿ ಸಿದ್ಧ ಪಟ್ಟಿ ಹಾಕಿದಾಗ 8000ದ ಮೇಲಿನ ಫಿಲ್ಟರ್‌ಗಳನ್ನು ನಾನು ಅರ್ಧಕ್ಕೆ ಇಳಿಸಿ ಶುರು ಮಾಡುತ್ತೇನೆ.

ಕಳ್ಳನನ್ನು ಹಿಡಿಯುವುದು

ನಿಮ್ಮ ಮಾಡೆಲ್ ಪಟ್ಟಿಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಈ ಉಪಾಯ.

ವಾಲ್ಯೂಮ್ ಮೊದಲು ಅರ್ಧಕ್ಕೆ ಇಳಿಸಿ. ಇದನ್ನು ಮರೆತರೆ ಕಿವಿಗೇ ಏಟು. ಒಂದು ಫಿಲ್ಟರ್ ಹಾಕಿ, ಕ್ಯೂ 4, ಪ್ಲಸ್ 8 ಡೆಸಿಬೆಲ್. ಪ್ರಿಆ್ಯಂಪ್ ಮೈನಸ್ 8. ನಿಮಗೆ ಕಿರಿಕಿರಿ ಕೊಡುವ ಅದೇ ಹಾಡು ಅಥವಾ ಮಾತನ್ನು ಮತ್ತೆ ಮತ್ತೆ ಹಾಕಿ. ಫಿಲ್ಟರ್‌ನ ಜಾಗವನ್ನು ನಿಧಾನವಾಗಿ 4000ದಿಂದ 9000ದವರೆಗೆ ಸರಿಸುತ್ತಾ ಹೋಗಿ. ಒಂದು ಕಡೆ ಕಿರಿಕಿರಿ ತಡೆಯಲಾರದಷ್ಟು ಆಗುತ್ತದೆ. ಅದೇ ಜಾಗ. ಈಗ ಪ್ಲಸ್ 8 ಅನ್ನು ಮೈನಸ್ 3 ಮಾಡಿ ಕೇಳಿ. ಸಾಲದಿದ್ದರೆ 4, 5. ನನಗೆ ಅದು 6200ರಲ್ಲಿ ಸಿಕ್ಕಿತು, ಮೈನಸ್ 5ಕ್ಕೆ ನಿಂತೆ. ಮೈನಸ್ 8 ಮಾಡಿ ನೋಡಿದಾಗ ಎಲ್ಲರೂ ಹಲ್ಲಿಲ್ಲದ ಬಾಯಲ್ಲಿ ಮಾತಾಡಿದ ಹಾಗಿತ್ತು.

ಸಂಶಯವಿದ್ದರೆ ಟೋನ್ ಜನರೇಟರ್ ಬಳಸಿ. ಮೆಲ್ಲಗಿನ ಸದ್ದಿನಲ್ಲಿ ಒಂದೇ ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಒಂದು ಸಣ್ಣ ಹರವಿನಲ್ಲಿ ಮಾತ್ರ ಅದು ತಟ್ಟನೆ ಎದ್ದು ಕೂತರೆ ಅಲ್ಲಿ ಗುಡ್ಡ ಇದೆ. ಈಗ ಕಪ್ ಅನ್ನು ಕಿವಿಯ ಮೇಲೆ ಸ್ವಲ್ಪ ಹಿಂದೆ ಮುಂದೆ ಸರಿಸಿ. ಗುಡ್ಡವೂ ಜಾಗ ಬದಲಿಸಿದರೆ ಅದು ಹೆಡ್‌ಫೋನ್ ನಿಮ್ಮ ಕಿವಿಯ ಮೇಲೆ ಕೂತ ಬಗೆಯಿಂದ ಆದದ್ದು. ಅದನ್ನು ಕಿರಿದಾದ ಫಿಲ್ಟರ್‌ನಿಂದ ಕಡಿಯಲು ಹೋಗಬೇಡಿ, ನಾಳೆ ಬೇರೆ ಥರ ಹಾಕಿಕೊಂಡಾಗ ಬೇರೆ ಕಡೆ ಇರುತ್ತದೆ.

ಗುಂಯ್‌ಗೂ ಇದೇ ಉಪಾಯ, 100ರಿಂದ 500ರವರೆಗೆ, ಕ್ಯೂ ಮಾತ್ರ 1 ಅಥವಾ 1.5. ಹಳ್ಳಗಳನ್ನು ತುಂಬಲು ಮಾತ್ರ ಆತುರ ಬೇಡ. ಗುಡ್ಡ ಕಿವಿಗೆ ಎದ್ದು ಕಾಣುತ್ತದೆ, ಕಿರಿದಾದ ಹಳ್ಳ ಅಷ್ಟು ಕಾಣುವುದಿಲ್ಲ.

ಕೊನೆಗೆ ನನ್ನ ಬಳಿ ಉಳಿದದ್ದು ನಾಲ್ಕೇ ಫಿಲ್ಟರ್. 80 ಹರ್ಟ್ಸ್‌ಗೆ ಲೋ ಶೆಲ್ಫ್ ಪ್ಲಸ್ 4. 180ಕ್ಕೆ ಮೈನಸ್ 4, ಕ್ಯೂ 1. 3000ಕ್ಕೆ ಪ್ಲಸ್ 2, ಕ್ಯೂ 1.4. 6200ಕ್ಕೆ ಮೈನಸ್ 5, ಕ್ಯೂ 4. ಪ್ರಿಆ್ಯಂಪ್ ಮೈನಸ್ 4. ಬೇಸ್ ಅನ್ನು ಏರಿಸಿ ಅದರ ಪಕ್ಕದಲ್ಲೇ ಇಳಿಸಿದ್ದೇಕೆ ಅಂತ ಕೇಳಬಹುದು. ತೀರಾ ಕೆಳಗಿನ ಗುಡುಗು ಬೇಕು, ದನಿಗೆ ಮೆತ್ತಿಕೊಳ್ಳುವ ಗುಂಯ್ ಬೇಡ. ಅವೆರಡೂ ಬೇರೆ ಬೇರೆ. ಈ ಸಂಖ್ಯೆಗಳು ನನ್ನ ಹೆಡ್‌ಫೋನ್‌ಗೆ, ನಿಮ್ಮದಕ್ಕೆ ಹಾಗೇ ಹಾಕಬೇಡಿ.

ಹೋಲಿಸಿ ನೋಡುವಾಗ

ಕಿವಿಗೆ ಒಂದು ದೌರ್ಬಲ್ಯ ಇದೆ. ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಈಕ್ವಲೈಜರ್ ಆಫ್ ಮಾಡಿದರೆ ಪ್ರಿಆ್ಯಂಪ್ ಕೂಡ ಆಫ್ ಆಗಿ ಸದ್ದು ಏರುತ್ತದೆ. ‘ಅಯ್ಯೋ, ಮೊದಲೇ ಚೆನ್ನಾಗಿತ್ತು’ ಅಂತ ನಾನು ಎರಡು ಸಲ ಎಲ್ಲವನ್ನೂ ಅಳಿಸಿದ್ದೆ. ಅದಕ್ಕೇ ಎರಡು ಪ್ರೊಫೈಲ್ ಮಾಡಿಟ್ಟುಕೊಳ್ಳಿ. ಒಂದರಲ್ಲಿ ಪ್ರಿಆ್ಯಂಪ್ ಮಾತ್ರ, ಇನ್ನೊಂದರಲ್ಲಿ ಪ್ರಿಆ್ಯಂಪ್ ಮತ್ತು ಫಿಲ್ಟರ್‌ಗಳು. ಮಾತಿನ ಮಟ್ಟ ಎರಡರಲ್ಲೂ ಒಂದೇ ಇರುವಂತೆ ಅರ್ಧರ್ಧ ಡೆಸಿಬೆಲ್ ಸರಿ ಮಾಡಿ, ಆಮೇಲೆ ಬದಲಿಸಿ ಬದಲಿಸಿ ಕೇಳಿ. ನೀವು ದಿನವೂ ಕೇಳುವ ಮಟ್ಟದಲ್ಲೇ ಕೇಳಿ. ಸದ್ದು ಕಮ್ಮಿಯಾದಂತೆ ಕಿವಿಗೆ ಬೇಸ್ ಬೇಗ ಮರೆಯಾಗುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದರು. ರಾತ್ರಿ ಮೆಲ್ಲಗೆ ಕೇಳುತ್ತಾ ಹಾಕಿದ ಬೇಸ್ ಬೆಳಗ್ಗೆ ಅತಿಯಾಗಿ ಕೇಳಿಸುವುದು ಇದಕ್ಕೇ.

ಹೊಸ ಸದ್ದು ಮೊದಲ ದಿನ ಸಪ್ಪೆ ಅನ್ನಿಸಬಹುದು. ಎರಡು ದಿನ ಮುಟ್ಟಬೇಡಿ. ಮೂರನೇ ದಿನ ಆಫ್ ಮಾಡಿ ನೋಡಿ, ಆಗ ಗೊತ್ತಾಗುತ್ತದೆ.

ಆಗದ ಕೆಲಸಗಳೂ ಇವೆ. ಹಿಂಬದಿ ತೆರೆದ ಹೆಡ್‌ಫೋನ್‌ನಲ್ಲಿ 30 ಹರ್ಟ್ಸ್ ಅನ್ನು 10 ಡೆಸಿಬೆಲ್ ಎತ್ತಿದರೆ ಅಲ್ಲಿಗೆ ಹತ್ತು ಪಟ್ಟು ಪವರ್ ಬೇಕು. ಕಪ್ ಒಳಗಿನ ಚಿಕ್ಕ ಸ್ಪೀಕರ್, ಅಂದರೆ ಡ್ರೈವರ್, ಅದನ್ನು ತಡೆಯಲಾರದೆ ಒದರುತ್ತದೆ. ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಸದ್ದು ಟೆಲಿಫೋನ್ ಥರ ಆಗುವುದು ಕನೆಕ್ಷನ್ ಬೇರೆ ಮೋಡ್‌ಗೆ ಹೋಗುವುದರಿಂದ, ಅದಕ್ಕೆ ಈಕ್ವಲೈಜರ್‌ನಲ್ಲಿ ಮದ್ದಿಲ್ಲ. ಪ್ಲೇಯರ್ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿದ್ದರೆ ಈಕ್ವಲೈಜರ್ ಎಪಿಒವನ್ನು ದಾಟಿಯೇ ಹೋಗುತ್ತದೆ, ಯಾಕೆಂದರೆ ಆ ಮೋಡ್ ಸೌಂಡ್ ಡಿವೈಸನ್ನು ಪ್ಲೇಯರ್ ಒಂದೇ ಹಿಡಿದುಕೊಳ್ಳುವ ಬಗೆ. ಆ ಮೋಡನ್ನು ಆಫ್ ಮಾಡಿ. ಆಡಿಯೊ ಡ್ರೈವರ್ ಅಪ್‌ಡೇಟ್ ಆದ ಮೇಲೆ ಇದ್ದಕ್ಕಿದ್ದಂತೆ ಹಳೆಯ ಸದ್ದು ವಾಪಸ್ ಬಂದರೆ ಗಾಬರಿ ಬೇಡ, ಡಿವೈಸ್ ಆರಿಸುವ ಕಿಟಕಿ ತೆರೆದು ಮತ್ತೆ ಟಿಕ್ ಹಾಕಿ.

ಕಳೆದ ತಿಂಗಳು ನನ್ನ ಹೆಡ್‌ಫೋನ್‌ನ ಪ್ಯಾಡ್ ಸವೆದು ಸಿಪ್ಪೆ ಏಳುತ್ತಿತ್ತು, ಹೊಸದು ಹಾಕಿದೆ. ಹೊಸ ಪ್ಯಾಡ್ ದಪ್ಪ, ಕಿವಿಯಿಂದ ಡ್ರೈವರ್ ಸ್ವಲ್ಪ ದೂರ ಹೋಯಿತು. ‘ಸ’ ಮತ್ತೆ ಚುಚ್ಚತೊಡಗಿತು. ಅದೇ ಉಪಾಯ ಮಾಡಿ ಹುಡುಕಿದರೆ ಕಳ್ಳ 6200 ಬಿಟ್ಟು 5700ಕ್ಕೆ ಮನೆ ಬದಲಿಸಿದ್ದ. 180ರ ಮೈನಸ್ 4 ಈಗ ಮೈನಸ್ 2.5 ಸಾಕು. ಹತ್ತು ನಿಮಿಷದ ಕೆಲಸ, ಮುಗಿಸಿ ಟೈಪಿಂಗ್‌ಗೆ ಕೂತೆ.